ದಾವಾವ್‌ನಲ್ಲಿ ಸೋದರಮಾವನ ಉಪವಾಸ

ಸೂಲಿಬೆಲೆ

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರಲು ಸೋದರಮಾವನನ್ನು ಕಳಿಸುತ್ತಾರೆ. ಗಂಡಿನ ಮನೆ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿದ್ದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡಬಹುದು. ಚಿಂತಾಮಣಿಯಾದರೆ ಸಂಜೆಯಾಗುತ್ತದೆ. ನನ್ನ ಅಕ್ಕನ ಮಗಳು ಚೈತ್ರ ಆರಿಸಿಕೊಂಡ ಗಂಡಿನ ಮನೆ ಫಿಲಿಪೈನ್ಸ್ ದೇಶದ ದಾವಾವ್ ಎಂಬ ಊರಿನ ಹೊರಗಿತ್ತು. ಹಾಗಾಗಿ, ತಿರುಪತಿಯಿಂದ ಆಚೆಗೆ ಕಾಲಿಡದ ನಾನು ಪಾಸ್‌ಪೋರ್ಟ್ ಮಾಡಿಸಬೇಕಾಯಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಮುನಿರಾಜು. ಸೂಲಿಬೆಲೆ ಹತ್ತಿರದ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡಿ ಹೇಳುವುದು ಕೆಲಸ. ಹಾಲನ್ನು ನೋಡುವ ಹಾಗೆಯೇ ಮನುಷ್ಯರನ್ನೂ ಒಂದೇ ನೋಟಕ್ಕೆ ಅಳೆದುಬಿಡುತ್ತೇನೆ ಎಂದು ನೆಂಟರಲ್ಲಿ ನನಗೊಂದು ಹೆಸರಿದೆ. ಈ ಹೆಸರನ್ನು ಊರೆಲ್ಲ ಹಬ್ಬಿಸಿದವನೂ ನಾನೇ. ಡೈರಿಯಲ್ಲಿ ಹಾಲು ಅಳೆಯಲು ಒಂದು ಮೆಷಿನ್ ಇದೆ, ಅದಿಲ್ಲದಿದ್ದರೆ ನನಗೆ ಹಾಲೂ ತಿಳಿಯುವುದಿಲ್ಲ ಎನ್ನುವುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಚೈತ್ರ ಅಂಗನವಾಡಿಗೆ ಹೋಗುವಾಗಲೇ ಭಾವ ತೀರಿಕೊಂಡರು. ಅಂದಿನಿಂದ ಜಯಕ್ಕನೂ ಮಗಳೂ ನಮ್ಮ ಮನೆಯಲ್ಲೇ ಇದ್ದಾರೆ. ಆ ಹುಡುಗಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಸ್ಕೂಲಿಗೆ ಬಿಟ್ಟವನು ನಾನು. ಡಾಕ್ಟರ್ ಓದಲು ಫಿಲಿಪೈನ್ಸ್‌ಗೆ ಕಳಿಸುವಾಗ ಅಕ್ಕ ಧೈರ್ಯವಾಗಿ ನಿಂತಿದ್ದಳು, ಕಂಬ ಹಿಡಿದುಕೊಂಡು ಅತ್ತವನೂ ನಾನೇ. ಓದು ಮುಗಿಸಿ ಅಲ್ಲಿನ ಆಸ್ಪತ್ರೆಯಲ್ಲೇ ತರಬೇತಿಗೆ ಸೇರಿದವಳು ಒಂದು ದಿನ ಫೋನು ಮಾಡಿ, ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನೋಯೆಲ್ ಎಂಬ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ ಎಂದಳು.

ಮನೆಯಲ್ಲಿ ಸಣ್ಣ ಭೂಕಂಪವೇ ಆಯಿತು. ಕೊನೆಗೆ ಅಕ್ಕ ತೀರ್ಪು ಕೊಟ್ಟಳು.

"ಲೋ ಮುನಿ, ನೀನು ಹೋಗಿ ನೋಡ್ಕೊಂಡ್ ಬಾ. ನೀನು ಹೂಂ ಅಂದ್ರೆ ಹೂಂ. ಊಹೂಂ ಅಂದ್ರೆ ಊಹೂಂ. ಅವ್ಳೂ ಇದಕ್ಕೆ ಒಪ್ಪವ್ಳೆ."

ಊಹೂಂ ಎನ್ನುವುದೆಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಧರ್ಮ ಬೇರೆ, ಗಂಡಸಾಗಿ ನರ್ಸ್ ಕೆಲಸ, ಹುಡುಗನ ಅಮ್ಮ ಮನೆಯಲ್ಲಿಲ್ಲ, ಯಾವುದೋ ದೇಶದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಕೇಳಿದವರಿಗೆ ಹೇಳಲು ಇಷ್ಟು ಕಾರಣ ಸಾಕಾಗಿತ್ತು. ನಿಜವಾದ ಕಾರಣ ಒಂದೇ. ಹುಡುಗಿ ಅಲ್ಲೇ ಉಳಿದುಬಿಡುತ್ತಾಳೆ ಎಂಬ ಹೆದರಿಕೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಹೆಣ್ಣಿನ ಕಡೆಯವರಿಗೆ ಇನ್ನೊಂದು ಕಟ್ಟಳೆಯೂ ಇದೆ. ಮಾತು ಕುದುರುವವರೆಗೆ ಗಂಡಿನ ಮನೆಯಲ್ಲಿ ಊಟ ಮಾಡಬಾರದು. ಎಲೆ ಮುಂದೆ ಕುಳಿತರೆ ಒಪ್ಪಿದ ಹಾಗೆ. ಈಗಿನವರು ಕಾಫಿ ತಿಂಡಿಗೆ ಅಡ್ಡಿಯಿಲ್ಲ ಎನ್ನುತ್ತಾರೆ. ನಮ್ಮ ತಾತ ನೀರೂ ಮುಟ್ಟುತ್ತಿರಲಿಲ್ಲ. ನಾನು ತಾತನ ದಾರಿಯನ್ನೇ ಹಿಡಿಯುವುದಾಗಿ ಘೋಷಿಸಿದೆ. ಭಾನುವಾರ ಬೆಳಕು ಹರಿಯುವ ಮುಂಚೆ ಹೊಸಕೋಟೆಗೆ ಓಡಿ ಬಿರಿಯಾನಿ ಸಾಲಿನಲ್ಲಿ ನಿಲ್ಲುವ ಗಂಡ ಉಪವಾಸದ ಮಾತಾಡುವುದನ್ನು ಕೇಳಿ ನನ್ನ ಹೆಂಡತಿ ಒಳಗೆ ಹೋಗಿ ನಕ್ಕು ಬಂದಳು. ಬಂದು ನಿಪ್ಪಟ್ಟು, ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಕೊಟ್ಟಳು.

ಮನಿಲಾ

ದೇವನಹಳ್ಳಿ ಚಕ್ಕೋತ ಭೂಮಿಯ ಮೇಲೆ ಇನ್ನೆಲ್ಲೂ ಬೆಳೆಯುವುದಿಲ್ಲ ಎಂದು ನಂಬಿ ಬೆಳೆದವನು ನಾನು. ಊಹೂಂ ಎನ್ನಲು ಹೋಗುತ್ತಿದ್ದರೂ ಬರಿಗೈಯಲ್ಲಿ ಹೋಗುವುದು ಸರಿಯಲ್ಲವಲ್ಲ. ನಮ್ಮ ಅಂತಸ್ತು ತಿಳಿಯಲಿ ಎಂದು ದಪ್ಪ ಚಕ್ಕೋತದ ಹಣ್ಣುಗಳನ್ನು ಆರಿಸಿ, ಪಂಚೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ.

ಮನಿಲಾದಲ್ಲಿ ವಿಮಾನ ಬದಲಾಯಿಸುವ ಮುಂಚೆ ತಪಾಸಣೆಯ ಒಬ್ಬ ಹೆಂಗಸು ನನ್ನ ಬ್ಯಾಗನ್ನು ತೆರೆಸಿದಳು. ಹೊರದೇಶದ ಹಣ್ಣು ಒಳಗೆ ತರುವಂತಿಲ್ಲ ಎಂಬ ಕಾನೂನು ಅಲ್ಲೇ ಗೋಡೆಯ ಮೇಲೆ ಚಿತ್ರದ ಸಮೇತ ಬರೆದಿತ್ತು. ನಾನು ಆ ಚಿತ್ರವನ್ನು ನೋಡಿ, ಯಾವುದೋ ಜ್ಯೂಸಿನ ಜಾಹೀರಾತು ಎಂದುಕೊಂಡು ಮುಂದೆ ಬಂದಿದ್ದೆ. ಆಕೆ ಗದರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, ಪ್ರತಿ ಮಾತಿಗೂ ಕೊನೆಯಲ್ಲಿ "ಪೋ, ಪೋ" ಎಂದು ಸೇರಿಸುತ್ತಾ ಮಾತಾಡಿದಳು. ನಾವು "ರೀ" ಹಚ್ಚುವ ಹಾಗೆ ಅವರು ಮರ್ಯಾದೆಗೆ ಹಚ್ಚುವ ಮಾತು ಅದು ಎಂದು ಆಮೇಲೆ ತಿಳಿಯಿತು. ಎಷ್ಟು ಮೃದುವಾಗಿ ಹೇಳಿದಳೆಂದರೆ, ಹಣ್ಣುಗಳು ಕಸದ ಡಬ್ಬಿಗೆ ಬಿದ್ದ ಸದ್ದು ಕೇಳಿದ ಮೇಲೂ ನಾನು ಕೈಮುಗಿದು ಥ್ಯಾಂಕ್ಯೂ ಎನ್ನುತ್ತಿದ್ದೆ.

ದಾವಾವ್

ಚೈತ್ರ ನಿಲ್ದಾಣಕ್ಕೆ ಬಂದಿದ್ದಳು. ಮೊದಲಿಗಿಂತ ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು. ಅವಳನ್ನು ನೋಡಿದ ಕೂಡಲೇ ಊಹೂಂ ಎನ್ನುವ ಮಾತು ಗಂಟಲಿನಿಂದ ಸ್ವಲ್ಪ ಕೆಳಗೆ ಜಾರಿತು. ಅದನ್ನು ಮತ್ತೆ ಮೇಲಕ್ಕೆ ಎಳೆದುಕೊಂಡು "ಎಲ್ಲಮ್ಮ ಆ ಮಹಾನುಭಾವ?" ಎಂದೆ.

"ನಾಳೆ ಸಿಗ್ತಾರೆ ಮಾವ. ಇವತ್ತು ಡ್ಯೂಟಿ. ನೀವು ಮೊದ್ಲು ಸ್ನಾನ ಮಾಡಿ."

ಅವಳ ಬಾಡಿಗೆ ರೂಮು ಮಹಡಿಯ ಮೇಲಿತ್ತು. ಅದನ್ನು ನನಗೆ ಬಿಟ್ಟು ತಾನು ಪಕ್ಕದ ರೂಮಿನ ಗೆಳತಿಯ ಜೊತೆ ಸೇರಿಕೊಂಡಿದ್ದಳು. ಅಲ್ಲಿಗೆ ನಾವು ಹೋದದ್ದು ಜೀಪ್ನಿ ಎಂಬ ಗಾಡಿಯಲ್ಲಿ. ಉದ್ದನೆಯ ಜೀಪಿನಂಥದ್ದು, ಒಳಗೆ ಎದುರುಬದುರಾಗಿ ಎರಡು ಬೆಂಚು. ಕಂಡಕ್ಟರ್ ಇಲ್ಲ. ಹಿಂದೆ ಕೂತವರ ಚಿಲ್ಲರೆ ಕೈಯಿಂದ ಕೈಗೆ ದಾಟಿ ಡ್ರೈವರನ್ನು ಸೇರುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ನನ್ನ ಅಂಗೈಗೆ ಚಿಲ್ಲರೆ ಇಟ್ಟಾಗ, ಬಟ್ಟೆ ನೋಡಿ ಭಿಕ್ಷುಕ ಎಂದುಕೊಂಡಳೇನೋ ಎಂದು ಮುಖ ಕೆಂಪಗೆ ಮಾಡಿಕೊಂಡು "ನೋ, ನೋ, ಐ ಆ್ಯಮ್ ಸೆಕ್ರೆಟರಿ" ಎಂದು ವಾಪಸು ಕೊಟ್ಟೆ. ಗಾಡಿಯಲ್ಲಿದ್ದ ಒಬ್ಬರೂ ನಗಲಿಲ್ಲ. ಎದುರಿಗಿದ್ದ ಅಜ್ಜ ಮಾತಿಲ್ಲದೆ ಕೈಚಾಚಿ ಆ ಚಿಲ್ಲರೆ ತೆಗೆದುಕೊಂಡು ಮುಂದೆ ದಾಟಿಸಿದ. ಹೊಸಕೋಟೆ ಬಸ್ಸಿನಲ್ಲಿ ಹೀಗಾಗಿದ್ದರೆ ಸೆಕ್ರೆಟರಿ ಸಾಹೇಬರ ಹೆಸರು ಕೆ.ಆರ್. ಪುರಂ ತಲುಪುವವರೆಗೆ ಜನರ ಬಾಯಿಂದ ಇಳಿಯುತ್ತಿರಲಿಲ್ಲ.

ಇಳಿದ ಮೇಲೆ ಕಕ್ಕಸು ಎಲ್ಲಿದೆ ಎಂದು ಒಬ್ಬ ಅಂಗಡಿಯವನನ್ನು ಕೇಳಿದೆ. ಅವನು ನನ್ನ ಕಡೆ ನೋಡಿ ತುಟಿಗಳನ್ನು ಮುಂದೆ ಚಾಚಿದ. ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ.

"ಅಯ್ಯೋ ಮಾವ, ಅವರು ದಿಕ್ಕು ತೋರಿಸ್ತಿದ್ದಾರೆ. ಬೆರಳು ತೋರಿಸಿದ್ರೆ ಚೆನ್ನಾಗಿರಲ್ಲ ಅಂತ ಇಲ್ಲಿ ತುಟೀಲಿ ತೋರಿಸ್ತಾರೆ."

ಅವಳು ಇವರ ಬಗ್ಗೆ ಹೇಳುವಾಗಲೆಲ್ಲ "ಇಲ್ಲಿ" ಎನ್ನುತ್ತಿದ್ದಳು. ನಮ್ಮೂರಿನ ಮಾತು ಬಂದರೆ "ಅಲ್ಲಿ" ಎನ್ನುತ್ತಿದ್ದಳು. ಅದು ನನಗೆ ಚುಚ್ಚಿತು.

ಚಕ್ಕೋತದ ತೋಟ

ಮರುದಿನ ನೋಯೆಲ್‌ನ ಮನೆಗೆ ಹೋದೆವು. ಬೆಟ್ಟದ ಬುಡದ ಒಂದು ಹಳ್ಳಿ. ತಗಡಿನ ಮಾಡು, ಸಿಮೆಂಟಿನ ಇಟ್ಟಿಗೆಯ ಮನೆ, ಮುಂದೆ ಹೂವಿನ ಡಬ್ಬಿಗಳು. ಅಷ್ಟಾದರೆ ಪರವಾಗಿರಲಿಲ್ಲ. ಮನೆಯ ಸುತ್ತ ತೋಟ, ತೋಟದ ತುಂಬ ಚಕ್ಕೋತ. ಒಂದೊಂದು ಮರದಲ್ಲೂ ನಾನು ಪಂಚೆಯಲ್ಲಿ ಸುತ್ತಿ ತಂದದ್ದಕ್ಕಿಂತ ದೊಡ್ಡ ದೊಡ್ಡ ಹಣ್ಣು ಜೋತುಬಿದ್ದಿದ್ದವು. ನೆಲದ ಮೇಲೆ ಬಿದ್ದದ್ದನ್ನು ಕೋಳಿಗಳು ಕುಕ್ಕುತ್ತಿದ್ದವು. ಮನಿಲಾದ ಆ ಹೆಂಗಸು ನನ್ನ ಮಾನ ಉಳಿಸಿದಳೆಂದು ಆಗ ಅರ್ಥವಾಯಿತು.

ನೋಯೆಲ್ ಓಡಿಬಂದು ನನ್ನ ಮುಂದೆ ಬಗ್ಗಿದ. ಕಾಲಿಗೆ ಬೀಳುತ್ತಿದ್ದಾನೆ, ಪರವಾಗಿಲ್ಲ ಹುಡುಗ, ಎಂದುಕೊಂಡು ಆಶೀರ್ವಾದಕ್ಕೆ ಬಲಗೈ ಎತ್ತಿದೆ. ಅಲ್ಲಿ ಚಿಕ್ಕವರು ದೊಡ್ಡವರ ಕೈಯನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುತ್ತಾರೆ. ಅವನು ಬಗ್ಗಿದ್ದು ಆ ಕೈಗಾಗಿಯೇ. ಅವನ ಮುಖ ಕೆಳಗೆ ಬರುವುದಕ್ಕೂ ನನ್ನ ಕೈ ಮೇಲೆ ಹೋಗುವುದಕ್ಕೂ ಸರಿಹೋಗಿ ನನ್ನ ಹೆಬ್ಬೆರಳು ಅವನ ಮೂಗಿಗೆ ಫಟ್ಟೆಂದು ಬಡಿಯಿತು. ಕಣ್ಣಲ್ಲಿ ನೀರು ಬಂದರೂ ಅವನು ನಗುತ್ತಲೇ ನಿಂತಿದ್ದ. ಹಿಂದಿದ್ದ ಅವನ ತಂಗಿ, ಹಿಂದೂಗಳ ಪದ್ಧತಿ ಇದೇ ಇರಬೇಕೆಂದು, ಕಣ್ಣು ಮುಚ್ಚಿಕೊಂಡು ತನ್ನ ಮೂಗನ್ನೂ ಮುಂದೆ ಮಾಡಿದಳು.

ಮನೆಯ ಯಜಮಾನಿ ನೋಯೆಲ್‌ನ ಅಜ್ಜಿ. ಎಲ್ಲರೂ ಆಕೆಯನ್ನು ಲೋಲಾ ಎನ್ನುತ್ತಾರೆ, ಅಜ್ಜಿ ಎಂದೇ ಅದರ ಅರ್ಥ. ಮಗಳು ಹೊರದೇಶಕ್ಕೆ ದುಡಿಯಲು ಹೋದ ಮೇಲೆ ನೋಯೆಲ್‌ನನ್ನೂ ಅವನ ತಂಗಿಯನ್ನೂ ಸಾಕಿದವರು ಈಕೆ. ಮಂಡಿ ನೋವು, ಕೋಲು ಹಿಡಿದೇ ನಡೆಯಬೇಕು. ಆಕೆಗೆ ತಮ್ಮ ಕಡೆಯ ಭಾಷೆ ಬಿಟ್ಟರೆ ಬೇರೆ ಬಾರದು. ಚೈತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಲೋಲಾ ಬಾಯಿಂದ ಬಂದ ಮೊದಲ ಮಾತು "ಊಟ ಆಯ್ತಾ?"

ಇಷ್ಟು ದೂರ ಬಂದು ನಮ್ಮೂರ ಜಗಲಿಯ ಮಾತೇ ಕೇಳಿ ಹಿಗ್ಗಿದೆ. ಹಿಗ್ಗನ್ನು ತೋರಿಸದೆ "ಆಯಿತು" ಎಂದೆ.

ನಮ್ಮಲ್ಲಿ ಮೊದಲನೆಯ "ಬೇಡ"ಕ್ಕೆ ಬೆಲೆಯಿಲ್ಲ. ಅದು ಬರೀ ಮರ್ಯಾದೆಗೆ ಅನ್ನುವ ಬೇಡ. ಅಲ್ಲೂ ಹಾಗೆಯೇ ಎನ್ನುವುದೇ ನನ್ನ ಗ್ರಹಚಾರ. ನಾನು ಬೇಡ ಎಂದಷ್ಟೂ, ಎಷ್ಟು ಸಂಭಾವಿತ ಮನುಷ್ಯ ಎಂದು ಮೆಚ್ಚಿಕೊಂಡು ಇನ್ನೊಂದು ಪಾತ್ರೆ ತಂದರು. ಬಾಳೆ ಎಲೆಯಲ್ಲಿ ಬೇಯಿಸಿದ ಸಿಹಿ ಅಕ್ಕಿ ಕಡುಬು ಬಂತು. ಎಳನೀರು ಬಂತು. ಚಕ್ಕೋತ ಸುಲಿದು ಉಪ್ಪು ಸವರಿ ಬಂತು. ಕೊನೆಗೆ ಶುಂಠಿ ಜಜ್ಜಿ ಹಾಕಿದ ನಾಟಿಕೋಳಿ ಸಾರು ಬಂತು. ಅದರಲ್ಲಿ ತೇಲುತ್ತಿದ್ದದ್ದು ನುಗ್ಗೆಸೊಪ್ಪು! ಆ ವಾಸನೆಗೆ ನನ್ನ ಹೊಟ್ಟೆ ಮಾಡಿದ ಸದ್ದು ಬಾಗಿಲಲ್ಲಿ ಮಲಗಿದ್ದ ನಾಯಿಗೂ ಕೇಳಿಸಿರಬೇಕು, ಕಿವಿ ನೆಟ್ಟಗೆ ಮಾಡಿತು. ತಾತನನ್ನು ನೆನೆದುಕೊಂಡು "ನೋ, ನೋ" ಎಂದೆ.

ಊಟದ ದಾರಿ ತಪ್ಪಿಸಲು ನೋಯೆಲ್‌ನನ್ನು ವಿಚಾರಿಸತೊಡಗಿದೆ.

"ಕುಡಿಯುತ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಹುಬ್ಬು ಮೇಲಕ್ಕೆ ಹಾರಿಸಿದ.

ಕೇಳಿಸಲಿಲ್ಲವೇನೋ ಎಂದು ಜೋರಾಗಿ ಕೇಳಿದೆ. ಮತ್ತೆ ಹುಬ್ಬು. ನಮ್ಮೂರಲ್ಲಿ ಹಾಗೆ ಹುಬ್ಬು ಹಾರಿಸಿದರೆ "ಏನೀಗ?" ಎಂದು ಅರ್ಥ. ನನಗೆ ಪಿತ್ತ ಏರಿತು. "ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ?" ಎಂದು ಹೆಚ್ಚುಕಡಿಮೆ ಕೂಗಿದೆ. ಅವನು ಎರಡೂ ಹುಬ್ಬನ್ನು ಕೂದಲಿಗೆ ತಾಗುವಷ್ಟು ಮೇಲೇರಿಸಿದ. ಇಂಥ ಅಹಂಕಾರಿಗೆ ಹೆಣ್ಣು ಕೊಡುವುದುಂಟೆ ಎಂದು ಹಿತ್ತಲಿಗೆ ಎದ್ದುಹೋದೆ.

ಹಿತ್ತಲಿಗೆ ಹೋದದ್ದಕ್ಕೆ ಸಿಟ್ಟೊಂದೇ ಕಾರಣವಲ್ಲ. ಜೇಬಿನಲ್ಲಿ ನಿಪ್ಪಟ್ಟಿತ್ತು. ದೊಡ್ಡ ಚಕ್ಕೋತದ ಮರದ ಹಿಂದೆ ನಿಂತು, ಬೇಗ ಮುಗಿಯಲೆಂದು ಒಂದರ ಮೇಲೊಂದು ಬಾಯಿಗೆ ತುರುಕಿಕೊಂಡೆ. ಹೆಂಡತಿ ಮಾಡಿದ ನಿಪ್ಪಟ್ಟು ಮುರಿಯುವ ಸದ್ದಿಗೆ ಕೋಳಿಗಳು ಚದುರಿದವು. ತಲೆಯೆತ್ತಿದರೆ ಎದುರಿಗೆ ಲೋಲಾ, ಕೋಲು ಊರಿಕೊಂಡು ನಿಂತಿದ್ದಾರೆ.

ನನ್ನ ಎರಡೂ ಕೆನ್ನೆ ಉಬ್ಬಿದ್ದವು. ಗಲ್ಲದ ಮೇಲೆ ಪುಡಿ. ಕೈಯಲ್ಲಿ ಪೊಟ್ಟಣ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಲೋಲಾ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಮುಖ ಮೇಲೆತ್ತಿ, ತಾವು ಬಂದದ್ದೇ ಅದಕ್ಕೆ ಎನ್ನುವ ಹಾಗೆ ಮರದ ಹಣ್ಣುಗಳನ್ನು ನೋಡುತ್ತಾ ನಿಂತರು. ಒಂದು ಎಲೆಯನ್ನು ಕಿತ್ತು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಂತರ ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ ತಿರುಗಿ ಒಳಗೆ ಹೋದರು. ನಾವು ಹೊರಡುವವರೆಗೂ ಅವರ ಮುಖದಲ್ಲಿ ನಗು ಹಾಗೆಯೇ ಇತ್ತು, ಆದರೆ ಊಟಕ್ಕೆ ಮಾತ್ರ ಮತ್ತೆ ಕರೆಯಲಿಲ್ಲ.

ವಾಪಸು ದಾರಿ

ಜೀಪ್ನಿ ಹತ್ತಿದೆವು. ನಾನೇ ಮಾತು ಶುರು ಮಾಡಿದೆ.

"ಹುಡುಗ್ನಿಗೆ ಕೊಬ್ಬು ಜಾಸ್ತಿ ಕಣಮ್ಮ. ಏನ್ ಕೇಳಿದ್ರೂ ಹುಬ್ಬು ಹಾರಿಸ್ತಾನೆ."

"ಹುಬ್ಬು ಹಾರಿಸಿದ್ರೆ ಇಲ್ಲಿ ಹೌದು ಅಂತ ಅರ್ಥ ಮಾವ."

"ಹಾಗಾದ್ರೆ ಕುಡೀತಾನೆ!"

"ಹಬ್ಬ ಹರಿದಿನದಲ್ಲಿ ಕುಡೀತಾರೆ. ಹೌದು ಅಂತ ಒಪ್ಕೊಂಡ್ರಲ್ಲ. ಹೆಣ್ಣಿನ ಮಾವ ಕೇಳಿದಾಗ ನಮ್ ಕಡೆ ಯಾವ ಹುಡುಗ ಒಪ್ಕೊಂಡಿದ್ದಾನೆ ಹೇಳಿ?"

ನನಗೆ ನನ್ನ ಮದುವೆಯ ಮಾತುಕತೆ ನೆನಪಾಯಿತು.

"ಅದು ಬಿಡಿ. ಮೊದ್ಲು ನೀವು ಅವರ ಮನೆಗೆ ಹೋಗಿದ್ದೇ ಇಲ್ಲಿ ಉಲ್ಟಾ. ಇಲ್ಲಿ ಗಂಡಿನ ಕಡೆಯೋರು ಅಡುಗೆ ಮಾಡ್ಕೊಂಡು, ಹೊತ್ಕೊಂಡು, ಹೆಣ್ಣಿನ ಮನೆಗೆ ಬಂದು ಕೇಳ್ಬೇಕು. ನೀವೇ ಬಂದ್ಬಿಟ್ರಲ್ಲ, ನಾವು ತಡ ಮಾಡಿದ್ವಿ ಅಂತ ಅವರಿಗೆ ಅದೇ ಒಂದು ಅವಮಾನ. ಅದರ ಮೇಲೆ ನೀವು ಹನಿ ನೀರೂ ಮುಟ್ಲಿಲ್ಲ. ಲೋಲಾ ನನ್ನ ಪಕ್ಕಕ್ಕೆ ಕರ್ದು ಕೇಳಿದ್ರು, ನಮ್ಮಿಂದ ಏನು ತಪ್ಪಾಯ್ತು ಅಂತ."

"ನಿಪ್ಪಟ್ಟಿನ ವಿಷಯ ಹೇಳಿದ್ರಾ?"

"ಯಾವ ನಿಪ್ಪಟ್ಟು?"

ಲೋಲಾ ಹೇಳಿರಲಿಲ್ಲ. ನಾನೇ ಬಾಯಿಬಿಟ್ಟು ಸಿಕ್ಕಿಬಿದ್ದೆ. ಕಥೆ ಕೇಳಿ ಚೈತ್ರ ಹಣೆ ಚಚ್ಚಿಕೊಂಡಳು.

"ಇದಕ್ಕೇ ಹಿಯಾ ಅಂತಾರೆ ಮಾವ. ನಾಚಿಕೆ ಅಂತನೂ ಹೌದು, ಮಾನ ಅಂತನೂ ಹೌದು. ತನ್ದು ಮಾತ್ರ ಅಲ್ಲ, ಎದುರಿಗಿರೋರ್ದೂ ಕಾಯ್ಬೇಕು. ಹಿಯಾ ಇಲ್ಲದೋನು ಅನ್ನೋದೇ ಇಲ್ಲಿ ದೊಡ್ಡ ಬೈಗುಳ."

ಮಾನ ಮರ್ಯಾದೆ ಇಲ್ಲವಾ ಎಂದು ನಾವೂ ದಿನಕ್ಕೆ ಹತ್ತು ಸಲ ಬೈಯುತ್ತೇವೆ. ಆದರೆ ನನಗೆ ಗೊತ್ತಿರುವ ಮರ್ಯಾದೆ ನನ್ನದೊಂದೇ. ನಾಲ್ಕು ಜನ ನನ್ನನ್ನು ಏನಂದುಕೊಳ್ಳುತ್ತಾರೆ ಎನ್ನುವುದರಲ್ಲೇ ಅದು ಮುಗಿದುಹೋಗುತ್ತದೆ. ಕಳ್ಳನ ಹಾಗೆ ಸಿಕ್ಕಿಬಿದ್ದ ಇನ್ನೊಬ್ಬನ ಮಾನ ಉಳಿಸಲು ಮರದ ಎಲೆ ನೋಡುತ್ತಾ ನಿಂತವನಲ್ಲ ನಾನು. ಡೈರಿಯಲ್ಲಿ ಯಾರದಾದರೂ ಹಾಲಿನಲ್ಲಿ ನೀರು ಸಿಕ್ಕರೆ ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಕೂಗಿಯೇ ಹೇಳುವುದು ನನ್ನ ಅಭ್ಯಾಸ.

"ನೀನು ಅವರಿಗೆ ಏನು ಹೇಳ್ದೆ?"

"ನಿಮ್ಮ ಪದ್ಧತಿ ಹೇಳ್ದೆ. ಮಾತು ಮುಗಿಯೋವರೆಗೂ ಊಟ ಮಾಡಲ್ಲ ಅಂತ."

"ಏನಂದ್ರು?"

"ಹುಬ್ಬು ಹಾರಿಸಿದ್ರು."

ನಾಳೆ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ ಊಹೂಂ ಎಂದುಬಿಡುವುದು, ಜಾಸ್ತಿ ದಿನ ಇದ್ದರೆ ಮನಸ್ಸು ಕೆಡುತ್ತದೆ ಎಂದುಕೊಂಡು ಮಲಗಿದೆ. ಚೈತ್ರಳ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಅವಳು ಡ್ಯೂಟಿಗೆ ಹೋದ ಮೇಲೆ ಫೋನು ಮಾಡುವುದೆಂದು ಗೊತ್ತುಮಾಡಿಕೊಂಡೆ.

ಚೈತ್ರಳ ರೂಮು

ಬೆಳಿಗ್ಗೆ ಸ್ನಾನ ಮುಗಿಸಿ, ಬನಿಯನ್, ಪಂಚೆಯಲ್ಲಿ ಕುಳಿತು ಹುರಿಹಿಟ್ಟು ಕಲೆಸುತ್ತಿದ್ದೆ. ಕೆಳಗೆ ಗಲಾಟೆ ಕೇಳಿಸಿತು. ಬಾಗಿಲು ತೆರೆದು ನೋಡಿದರೆ ಮೆಟ್ಟಿಲ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಗಾಳಿಯಲ್ಲಿ ತೇಲಿಕೊಂಡು ಬರುತ್ತಿದೆ. ಅದರ ಮೇಲೆ ಲೋಲಾ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದಾರೆ. ನೋಯೆಲ್ ಒಂದು ಕಡೆ ಹಿಡಿದಿದ್ದ. ಇನ್ನೊಂದು ಕಡೆ ಹಿಡಿದಿದ್ದವನು ಯಾರೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ, ಬೀದಿಯಲ್ಲಿ ಹೋಗುತ್ತಿದ್ದವನು ಬಂದು ಕೈಹಚ್ಚಿದನಂತೆ. ಹಿಂದೆ ಪಾತ್ರೆಗಳನ್ನು ಹೊತ್ತ ನೆಂಟರ ಸಾಲು.

ಹುರಿಹಿಟ್ಟಿನ ಬಟ್ಟಲು ಕೈಯಲ್ಲಿ ಹಿಡಿದೇ ನಾನು ಅಂಗಿ ಹುಡುಕುತ್ತಾ ರೂಮಿನಲ್ಲಿ ಒಂದು ಸುತ್ತು ಓಡಿದೆ. ಪಕ್ಕದ ರೂಮಿನಿಂದ ಚೈತ್ರ ಬಂದಳು. ಅವಳಿಗೂ ಗೊತ್ತಿರಲಿಲ್ಲ.

"ಮಾವ, ಇವರು ಹೆಣ್ಣು ಕೇಳಕ್ಕೆ ಬಂದಿದ್ದಾರೆ. ಇಲ್ಲಿ ನನ್ನ ಮನೆ ಅಂದ್ರೆ ಇದೇ ಅಲ್ವಾ. ಅದಕ್ಕೆ ಲೋಲಾ ಮೆಟ್ಲು ಹತ್ತಿ ಬಂದಿದ್ದಾರೆ."

ಹೀಗೆ ಕಣ್ಣುಮುಚ್ಚಿ ಬಿಡುವುದರೊಳಗೆ ನಾನು ಅತಿಥಿಯಿಂದ ಮನೆಯ ಯಜಮಾನನಾದೆ. ಒಂದು ಮಂಚ, ಒಂದು ಕುರ್ಚಿಯ ಮನೆ. ಜಾಗ ಸಾಲದವರು ಮೆಟ್ಟಿಲ ಮೇಲೇ ಕುಳಿತರು. ಪಾತ್ರೆಗಳನ್ನು ಸಾಲಾಗಿ ಇಟ್ಟರು. ಒಂದು ಪಾತ್ರೆಗೆ ಕೆಂಪು ದಾರ ಕಟ್ಟಿತ್ತು. ನಾನು ಹಂದಿ, ದನದ ಮಾಂಸ ಮುಟ್ಟುವುದಿಲ್ಲವೆಂದು, ಅವೆರಡೂ ತಾಗದ ಹೊಸ ಪಾತ್ರೆ, ಹೊಸ ಸೌಟು ತಂದಿದ್ದರು. ಒಳಗಿದ್ದದ್ದು ಅದೇ ನುಗ್ಗೆಸೊಪ್ಪಿನ ಕೋಳಿಸಾರು.

ಏನೇ ಇರಲಿ, ಮನೆಗೆ ಬಂದವರನ್ನು ಉಪಚರಿಸಬೇಕಲ್ಲ. "ಊಟ ಮಾಡಿ, ಊಟ ಮಾಡಿ" ಎಂದೆ. ಯಾರೂ ಮಿಸುಕಲಿಲ್ಲ. ನೀರು ಕೊಟ್ಟೆ, ಲೋಲಾ ನಕ್ಕು ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಏನೋ ಹೇಳಿದರು.

ಚೈತ್ರ ತುಟಿ ಕಚ್ಚಿ ನಗು ತಡೆದುಕೊಂಡಳು. "ನಿಮ್ಮ ಪದ್ಧತಿ ಒಳ್ಳೇದಂತೆ ಮಾವ. ಮಾತು ಮುಗಿಯೋವರೆಗೂ ಇವರೂ ನಿಮ್ಮ ಮನೇಲಿ ಏನೂ ಮುಟ್ಟಲ್ವಂತೆ. ನೀರೂ ಸಹ."

ಎಲ್ಲರೂ ನಗುತ್ತಾ ನನ್ನನ್ನೇ ನೋಡುತ್ತಿದ್ದರು. ಪಾತ್ರೆಗಳಿಂದ ಆವಿ ಏಳುತ್ತಿತ್ತು. ಫೋನಿನಲ್ಲಿ ಊಹೂಂ ಎನ್ನುವುದು ಸುಲಭ. ಮುಂಜಾನೆ ಎದ್ದು ಅಡುಗೆ ಮಾಡಿ, ಹಸಿದುಕೊಂಡು ಕುಳಿತ ಇಷ್ಟು ಮುಖಗಳ ಮುಂದೆ ಅದು ಬಾಯಿಗೇ ಬರಲಿಲ್ಲ. ನರ್ಸ್ ಕೆಲಸದ ಕಾರಣದಿಂದಲೇ ಶುರುಮಾಡಲು ಹೋದೆ. ನೋಯೆಲ್ ಆಗ ನೆಲದ ಮೇಲೆ ಕುಳಿತು ಅಜ್ಜಿಯ ಊದಿದ ಪಾದವನ್ನು ತನ್ನ ಮಡಿಲಿಗೆ ಎತ್ತಿಕೊಂಡು ಮೆಲ್ಲಗೆ ಒತ್ತುತ್ತಿದ್ದ. ಆ ಮಾತನ್ನು ಅಲ್ಲಿಗೇ ನುಂಗಿಕೊಂಡೆ.

ಲೋಲಾ ಮತ್ತೆ ಮಾತಾಡಿದರು. ಈ ಸಲ ಚೈತ್ರ ಕೂಡಲೇ ಕನ್ನಡಕ್ಕೆ ತಿರುಗಿಸಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡಳು.

"ಅಮ್ಮನ ಬಗ್ಗೆ ಕೇಳ್ತಿದ್ದಾರೆ ಮಾವ. ಇವರ ಮಗಳು ದೂರದಲ್ಲಿ ಯಾರದೋ ತಾಯಿಗೆ ಅನ್ನ ತಿನ್ನಿಸ್ತಿದ್ದಾಳಂತೆ. ಮಗಳು ಪಕ್ಕದಲ್ಲಿ ಇಲ್ದೆ ಹೋದ್ರೆ ಹೇಗಿರುತ್ತೆ ಅಂತ ಇವರಿಗೆ ಗೊತ್ತಂತೆ. ನಾವು ನಿಮ್ಮಕ್ಕನ ಒಬ್ಳೇ ಮಗಳನ್ನ ಇಟ್ಕೊಂಡ್ರೆ ಆಯಮ್ಮನ ಗತಿ ಏನು, ಅದಕ್ಕೆ ನೀವು ಊಟ ಮಾಡ್ಲಿಲ್ಲ ಅಲ್ವಾ ಅಂತಿದ್ದಾರೆ."

ಹೆಂಡತಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ನನ್ನ ಒಂದೇ ಒಂದು ನಿಜವಾದ ಕಾರಣವನ್ನು, ಗಂಡಿನ ಕಡೆಯ ಅಜ್ಜಿ, ನನ್ನ ಪರವಾಗಿ ತಾವೇ ಎತ್ತಿ ಹೇಳಿದ್ದರು.

"ಲೋಲಾಗೆ ನಿನ್ನೆಯಿಂದ ಅದೇ ಯೋಚನೆ, ಅಂಕಲ್" ಎಂದು ನೋಯೆಲ್ ಇಂಗ್ಲಿಷಿನಲ್ಲಿ ಹೇಳಿದ. "ಇನ್ನೊಬ್ಬ ಮನುಷ್ಯ ಅನ್ನುವುದಕ್ಕೆ ನಾವು ಕಾಪ್ವಾ ಅನ್ನುತ್ತೇವೆ. ಆದರೆ ಆ ಇನ್ನೊಬ್ಬನಲ್ಲಿ ನಾವೂ ಸೇರಿರುತ್ತೇವೆ. ನಿಮ್ಮ ಅಕ್ಕ ಲೋಲಾಗೆ ಹಾಗೆ."

ಲೋಲಾ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೊಮ್ಮಗನ ತಲೆಯ ಮೇಲೆ ಕೈಯಿಟ್ಟು, ಅವನನ್ನು ನನ್ನ ಕಡೆಗೆ ಸ್ವಲ್ಪ ತಳ್ಳಿದರು. ಇವನನ್ನೇ ನಿಮ್ಮೂರಿಗೆ ಕರೆದುಕೊಂಡು ಹೋಗಿ, ನರ್ಸಿಗೆ ಎಲ್ಲಾದರೂ ಕೆಲಸ ಸಿಗುತ್ತದೆ, ತಮಗೆ ಮೊಮ್ಮಗಳಿದ್ದಾಳೆ, ಎಂದರಂತೆ. ಹೇಳುವಾಗ ನಗುತ್ತಲೇ ಇದ್ದರು, ಆದರೆ ಅವನ ತಲೆಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ.

ಆಮೇಲೆ ನನ್ನ ಬಾಯಿಂದ ಬಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. "ಛೆ ಛೆ, ಎಲ್ಲಾದ್ರೂ ಉಂಟಾ! ಈ ವಯಸ್ಸಲ್ಲಿ ನಿಮ್ಮನ್ನ ಬಿಟ್ಟು ಅವನು ಯಾಕೆ ಬರ್ಬೇಕು? ನಮ್ಮ ಹುಡುಗಿನೇ ಇಲ್ಲಿರ್ಲಿ. ಅಕ್ಕನ್ನ ನೋಡ್ಕೊಳ್ಳಕ್ಕೆ ನಾನಿಲ್ವಾ?" ಎಂದೆ. ಲೋಲಾ ಅದಾಗದು ಎಂದು ತಲೆಯಾಡಿಸಿದರು. ನಾನು ಎದ್ದುನಿಂತು ಕೈ ಬೀಸಿಕೊಂಡು ವಾದ ಮಾಡಿದೆ. ಮದುವೆ ಮುರಿಯಲು ಸಮುದ್ರ ದಾಟಿ ಬಂದ ಸೋದರಮಾವ, ನಮ್ಮ ಹುಡುಗಿಯನ್ನು ಇಟ್ಟುಕೊಳ್ಳಿ ಎಂದು ಗಂಡಿನ ಅಜ್ಜಿಯ ಜೊತೆ ಜಗಳಕ್ಕೆ ನಿಂತಿದ್ದ. ಹೋಟೆಲಿನಲ್ಲಿ ಬಿಲ್ಲು ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ಇಬ್ಬರು ಕಿತ್ತಾಡುವ ಹಾಗೆ ನಾವು ಮಕ್ಕಳನ್ನು ಒಬ್ಬರ ಕಡೆಗೊಬ್ಬರು ತಳ್ಳುತ್ತಿದ್ದೆವು. ನಡುವೆ ಕನ್ನಡವನ್ನು ಆ ಕಡೆಗೂ ಆ ಭಾಷೆಯನ್ನು ಈ ಕಡೆಗೂ ತಿರುಗಿಸಿ ತಿರುಗಿಸಿ ಚೈತ್ರಳಿಗೆ ಸಾಕಾಯಿತು.

"ಮಾವ, ನಾವೆಲ್ಲಿರ್ಬೇಕು ಅಂತ ನಾವಿಬ್ರು ಯೋಚನೆ ಮಾಡ್ತೀವಿ. ನೀವಿಬ್ರೂ ಸ್ವಲ್ಪ ಸುಮ್ನಿರ್ತೀರಾ? ಈಗ ಹೇಳಿ. ಹೂಂನೋ, ಊಹೂಂನೋ?"

ಅವಳ ಕಣ್ಣು ತುಂಬಿತ್ತು, ಆದರೂ ನನ್ನನ್ನು ನೆಟ್ಟಗೆ ನೋಡುತ್ತಿದ್ದಳು. ನಾನು ಬೇಡವೆಂದರೆ ಈ ಹುಡುಗಿ ಕೊಟ್ಟ ಮಾತಿನ ಹಾಗೆ ಬಿಟ್ಟುಬಿಡುತ್ತಾಳೆ, ಮತ್ತೆ ಯಾವತ್ತೂ ಮೊದಲಿನ ಹಾಗೆ ನನ್ನನ್ನು ಮಾವ ಎಂದು ಕರೆಯುವುದಿಲ್ಲ ಎಂದು ಗೊತ್ತಾಯಿತು. ನಮ್ಮ ಕಡೆ ಮಾತು ಕುದುರಿದ ಮೇಲೆ ಗಂಡಿನವರಿಗೆ ಬಡಿಸುವುದು ಹೆಣ್ಣಿನ ಮನೆಯವರು. ಕೆಂಪು ದಾರದ ಪಾತ್ರೆಯ ಮುಚ್ಚಳ ತೆಗೆದು ಸೌಟು ಕೈಗೆತ್ತಿಕೊಂಡೆ. ಲೋಲಾ ಮುಂದೆ ತಟ್ಟೆಯಿಟ್ಟು, ಅನ್ನ ಹಾಕಿ, ಸಾರು ಬಡಿಸಲು ಬಗ್ಗಿದೆ.

ಚೈತ್ರ ಒಮ್ಮೆಲೇ ಅತ್ತುಬಿಟ್ಟಳು. ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಲೋಲಾ ಸೌಟು ಹಿಡಿದ ನನ್ನ ಕೈಯನ್ನೇ ಹಿಡಿದುಕೊಂಡು "ಬಲಾಯೆ" ಎಂದರು.

"ಹಂಗಂದ್ರೇನಮ್ಮ?"

"ಮಕ್ಕಳು ಮದುವೆ ಆದ್ರೆ ಎರಡು ಮನೆಯೋರು ಒಬ್ಬರಿಗೊಬ್ಬರು ಏನಾಗ್ತಾರೋ, ಅದು ಮಾವ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಕ್ಕನ ವಿಡಿಯೋ ಕಾಲ್. ಚೈತ್ರ ಮೂಗೊರೆಸಿಕೊಂಡು ಅದನ್ನು ನಾನೂ ಲೋಲಾ ತಟ್ಟೆಯೂ ಕಾಣುವ ಹಾಗೆ ಹಿಡಿದಳು. ಅಕ್ಕ ನಮ್ಮ ಮನೆಯ ಹಿತ್ತಲಲ್ಲಿ ನಿಂತಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಏನಾಯ್ತೋ? ಯಾಕ್ ಫೋನ್ ಮಾಡ್ಲಿಲ್ಲ? ಕೈಲೇನದು?"

"ಸೌಟು."

"ಸೌಟಾ? ಯಾರಿಗ್ಲಾ ಬಡಿಸ್ತಿದೀಯಾ?"

"ಬೀಗರಿಗೆ ಕಣಕ್ಕಾ."

ಫೋನಿನಲ್ಲಿ ಬರೀ ಸೆರಗು ಕಾಣಿಸಿತು. ಸೆರಗು ಸರಿದಾಗ ಕಣ್ಣು ಕೆಂಪಗಿತ್ತು, ದನಿ ಮಾತ್ರ ಎಂದಿನಂತೆ ಜೋರಾಗಿತ್ತು.

"ಮತ್ತೆ ನನ್ ಜೊತೆ ಏನ್ಲಾ ಮಾತು? ಆಯಮ್ಮನ ತಟ್ಟೇಲಿ ಬರೀ ಅನ್ನ ಐತೆ ನೋಡು. ಸಾರು ಹಾಕು."